ಎಸ್‌ಯುವಿಗಳಲ್ಲಿ ಸರ್ವಚಕ್ರ ಚಾಲನಾ ವ್ಯವಸ್ಥೆಗಳು

ಸರ್ವಚಕ್ರ ಚಾಲನೆ ಅಥವಾ ಆಲ್-ವೀಲ್ ಡ್ರೈವ್ ಎಂಬುದು ವಾಹನದ ಎಂಜಿನ್ ಅಥವಾ ವಿದ್ಯುತ್ ಮೋಟರಿನ ಶಕ್ತಿಯನ್ನು ಎರಡು ಚಕ್ರಗಳಿಗಷ್ಟೇ ಅಲ್ಲದೆ ನಾಲ್ಕೂ ಚಕ್ರಗಳಿಗೆ ತಲುಪಿಸಬಲ್ಲ ಚಾಲನಾ ವ್ಯವಸ್ಥೆಯಾಗಿದೆ. ಎಸ್‌ಯುವಿ ಎಂದು ಕರೆಯಲಾಗುವ ಎತ್ತರದ ಪ್ರಯಾಣಿಕ ವಾಹನಗಳಲ್ಲಿ ಈ ವ್ಯವಸ್ಥೆಯು ಹೆಚ್ಚಾಗಿ ಕಂಡುಬರುತ್ತದೆ. ಆದರೆ ಎಲ್ಲ ಎಸ್‌ಯುವಿಗಳಲ್ಲಿಯೂ ಇದು ಇರುವುದಿಲ್ಲ. ಅನೇಕ ಮಾದರಿಗಳಲ್ಲಿ ಮುಂದಿನ ಅಥವಾ ಹಿಂದಿನ ಎರಡು ಚಕ್ರಗಳು ಮಾತ್ರ ವಾಹನವನ್ನು ನಡೆಸುತ್ತವೆ.

ಈ ಹೆಸರಿನಡಿ ಮಾರಾಟವಾಗುವ ವ್ಯವಸ್ಥೆಗಳ ಒಳರಚನೆ ಒಂದೇ ಬಗೆಯದಲ್ಲ. ಎರಡು ಪ್ರಶ್ನೆಗಳಿಗೆ ಅವು ನೀಡುವ ಉತ್ತರದಿಂದ ಅವುಗಳನ್ನು ಪ್ರತ್ಯೇಕಿಸಬಹುದು. ಮೊದಲನೆಯದು, ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಉಂಟಾಗುವ ವೇಗವ್ಯತ್ಯಾಸವನ್ನು ವ್ಯವಸ್ಥೆಯು ಹೇಗೆ ಸರಿದೂಗಿಸುತ್ತದೆ ಎಂಬುದು. ಎರಡನೆಯದು, ಒಂದು ಚಕ್ರ ನೆಲದ ಹಿಡಿತವನ್ನು ಕಳೆದುಕೊಂಡಾಗ ಹಿಡಿತವಿರುವ ಚಕ್ರಗಳಿಗೆ ಬಲವನ್ನು ಹೇಗೆ ತಲುಪಿಸುತ್ತದೆ ಎಂಬುದು. ಯಾವ ಬಗೆಯ ವ್ಯವಸ್ಥೆಯೂ ಟೈರು ಮತ್ತು ನೆಲದ ನಡುವಿನ ಘರ್ಷಣೆಯನ್ನು ಹೆಚ್ಚಿಸುವುದಿಲ್ಲ. ಇರುವ ಘರ್ಷಣೆಯನ್ನು ಮುನ್ನಡೆಯಲು ಹೆಚ್ಚು ಚೆನ್ನಾಗಿ ಬಳಸಿಕೊಳ್ಳುತ್ತದೆ ಅಷ್ಟೇ.

ಮೂಲ ತತ್ತ್ವಗಳು

ತಿರುವಿನಲ್ಲಿ ಚಕ್ರಗಳ ವೇಗ

ವಾಹನವು ನೇರವಾಗಿ ಚಲಿಸುವಾಗ ನಾಲ್ಕೂ ಚಕ್ರಗಳು ಒಂದೇ ದೂರವನ್ನು ಕ್ರಮಿಸುತ್ತವೆ. ತಿರುವಿನಲ್ಲಿ ಹಾಗಾಗುವುದಿಲ್ಲ. ಹೊರಬದಿಯ ಚಕ್ರಗಳು ಒಳಬದಿಯ ಚಕ್ರಗಳಿಗಿಂತ ದೊಡ್ಡ ವೃತ್ತದಲ್ಲಿ ಸಾಗುತ್ತವೆ. ಎಡ ಮತ್ತು ಬಲ ಚಕ್ರಗಳ ನಡುವಿನ ಅಂತರ 1.5 ಮೀಟರ್ ಇರುವ ವಾಹನವು 90 ಡಿಗ್ರಿ ತಿರುಗಿದಾಗ ಹಿಂಬದಿಯ ಹೊರ ಚಕ್ರವು ಒಳ ಚಕ್ರಕ್ಕಿಂತ ಸುಮಾರು 2.36 ಮೀಟರ್ ಹೆಚ್ಚು ದೂರ ಉರುಳುತ್ತದೆ.

ಇದೇ ರೀತಿ ಮುಂದಿನ ಅಚ್ಚು ಹಿಂದಿನ ಅಚ್ಚಿಗಿಂತ ಹೆಚ್ಚು ದೂರ ಸಾಗುತ್ತದೆ. ಎರಡು ಅಚ್ಚುಗಳ ನಡುವಿನ ಅಂತರ 2.7 ಮೀಟರ್ ಇದ್ದು, ಹಿಂದಿನ ಅಚ್ಚಿನ ಮಧ್ಯಬಿಂದುವು 6 ಮೀಟರ್ ತ್ರಿಜ್ಯದ ವೃತ್ತದಲ್ಲಿ ಚಲಿಸಿದರೆ, ಮುಂದಿನ ಅಚ್ಚಿನ ಮಧ್ಯಬಿಂದುವು ಸುಮಾರು 6.58 ಮೀಟರ್ ತ್ರಿಜ್ಯದ ವೃತ್ತದಲ್ಲಿ ಚಲಿಸುತ್ತದೆ. ಅಂದರೆ ಮುಂದಿನ ಚಕ್ರಗಳು ಸರಾಸರಿ ಶೇಕಡಾ 10ರಷ್ಟು ಹೆಚ್ಚು ವೇಗವಾಗಿ ಸುತ್ತಬೇಕಾಗುತ್ತದೆ. ಎರಡೂ ಅಚ್ಚುಗಳನ್ನು ಗಟ್ಟಿಯಾಗಿ ಜೋಡಿಸಿದರೆ ಈ ವ್ಯತ್ಯಾಸಕ್ಕೆ ಅವಕಾಶವೇ ಇರುವುದಿಲ್ಲ. ಸರ್ವಚಕ್ರ ಚಾಲನೆಯ ವಿನ್ಯಾಸದ ಬಹುಪಾಲು ಜಟಿಲತೆ ಹುಟ್ಟುವುದು ಇಲ್ಲಿಂದಲೇ.

ಡಿಫರೆನ್ಷಿಯಲ್ ಮತ್ತು ಅದರ ದೌರ್ಬಲ್ಯ

ಎರಡು ಚಕ್ರಗಳಿಗೆ ಬಲವನ್ನು ಹಂಚುತ್ತಲೇ ಅವು ಬೇರೆ ಬೇರೆ ವೇಗದಲ್ಲಿ ಸುತ್ತಲು ಅವಕಾಶ ನೀಡುವ ಹಲ್ಲುಚಕ್ರಗಳ ಜೋಡಣೆಯನ್ನು ಡಿಫರೆನ್ಷಿಯಲ್ ಎನ್ನುತ್ತಾರೆ. ಚಾಲನೆ ಪಡೆಯುವ ಪ್ರತಿಯೊಂದು ಅಚ್ಚಿನ ಮಧ್ಯದಲ್ಲಿ ಸಾಮಾನ್ಯವಾಗಿ ಇಂತಹ ಒಂದು ಜೋಡಣೆ ಇರುತ್ತದೆ. ಯಾವುದೇ ತಡೆ ಇಲ್ಲದ ಸರಳ ಡಿಫರೆನ್ಷಿಯಲ್ಲನ್ನು ಮುಕ್ತ ಡಿಫರೆನ್ಷಿಯಲ್ ಎಂದು ಕರೆಯಲಾಗುತ್ತದೆ.

ಮುಕ್ತ ಡಿಫರೆನ್ಷಿಯಲ್ ಎರಡೂ ಬದಿಗೆ ಯಾವಾಗಲೂ ಸಮನಾದ ಟಾರ್ಕನ್ನು, ಅಂದರೆ ಸಮನಾದ ತಿರುಗಿಸುವ ಬಲವನ್ನು ನೀಡುತ್ತದೆ. ಹಿಡಿತ ಚೆನ್ನಾಗಿರುವವರೆಗೆ ಇದು ಅನುಕೂಲಕರವೇ. ಆದರೆ ಒಂದು ಚಕ್ರ ಕೆಸರಿನಲ್ಲಿದ್ದು ಅದು ಕೇವಲ 100 ನ್ಯೂಟನ್-ಮೀಟರ್ ಟಾರ್ಕನ್ನು ತಾಳಬಲ್ಲದು ಎಂದು ಭಾವಿಸಿದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಅಷ್ಟೇ ಟಾರ್ಕ್ ದೊರೆಯುತ್ತದೆ. ಒಟ್ಟು 200 ನ್ಯೂಟನ್-ಮೀಟರ್ ಮಾತ್ರ ಉಪಯೋಗಕ್ಕೆ ಬರುತ್ತದೆ. ಕೆಸರಿನ ಚಕ್ರ ಗಿರಗಿರನೆ ಸುತ್ತುತ್ತದೆ, ಗಟ್ಟಿ ನೆಲದ ಚಕ್ರ ನಿಂತೇ ಇರುತ್ತದೆ, ವಾಹನ ಕದಲುವುದಿಲ್ಲ.

ಟೈರಿನ ಹಿಡಿತದ ಹಂಚಿಕೆ

ಒಂದು ಟೈರು ನೆಲದ ಮೇಲೆ ಪ್ರಯೋಗಿಸಬಹುದಾದ ಒಟ್ಟು ಬಲಕ್ಕೆ ಮಿತಿಯಿದೆ. ಮುನ್ನಡೆಸುವುದು, ತಡೆಯುವುದು ಮತ್ತು ತಿರುಗಿಸುವುದು ಈ ಮೂರೂ ಕೆಲಸಗಳು ಇದೇ ಮಿತಿಯೊಳಗೆ ನಡೆಯಬೇಕು. ಎರಡು ಟೈರುಗಳ ಮೇಲೆ ಬೀಳುವ ಮುನ್ನಡೆಸುವ ಹೊರೆಯನ್ನು ನಾಲ್ಕು ಟೈರುಗಳಿಗೆ ಹಂಚಿದಾಗ ಪ್ರತಿ ಟೈರಿನಲ್ಲಿಯೂ ತಿರುಗಲು ಹೆಚ್ಚಿನ ಹಿಡಿತ ಉಳಿಯುತ್ತದೆ. ಒದ್ದೆ ರಸ್ತೆಯ ತಿರುವಿನಲ್ಲಿ ವೇಗ ಹೆಚ್ಚಿಸುವಾಗ ಸರ್ವಚಕ್ರ ಚಾಲನೆಯ ವಾಹನ ಹೆಚ್ಚು ಸ್ಥಿರವಾಗಿರುವುದಕ್ಕೆ ಇದೇ ಕಾರಣ.

ಪದಬಳಕೆ

ನಾಲ್ಕುಚಕ್ರ ಚಾಲನೆ ಅಥವಾ ಫೋರ್-ವೀಲ್ ಡ್ರೈವ್ ಮತ್ತು ಸರ್ವಚಕ್ರ ಚಾಲನೆ ಎಂಬ ಪದಗಳ ನಡುವೆ ಕಟ್ಟುನಿಟ್ಟಾದ ಗೆರೆಯಿಲ್ಲ. ಸಾಮಾನ್ಯ ಬಳಕೆಯಲ್ಲಿ ಚಾಲಕನೇ ಆಯ್ದುಕೊಳ್ಳುವ, ಕಡಿಮೆ ವೇಗದ ಗೇರು ಇರುವ, ದುರ್ಗಮ ದಾರಿಗೆಂದು ರೂಪಿಸಿದ ವ್ಯವಸ್ಥೆಯನ್ನು ನಾಲ್ಕುಚಕ್ರ ಚಾಲನೆ ಎಂದೂ, ರಸ್ತೆಯ ಮೇಲೆ ತಾನಾಗಿಯೇ ಕೆಲಸ ಮಾಡುವ ವ್ಯವಸ್ಥೆಯನ್ನು ಸರ್ವಚಕ್ರ ಚಾಲನೆ ಎಂದೂ ಕರೆಯುವುದುಂಟು. ತಯಾರಕರು ತಮ್ಮ ವ್ಯವಸ್ಥೆಗಳಿಗೆ ಕ್ವಾಟ್ರೊ, 4ಮೋಷನ್, ಎಕ್ಸ್‌ಡ್ರೈವ್, ಆಲ್‌ಗ್ರಿಪ್ ಮುಂತಾದ ವಾಣಿಜ್ಯ ಹೆಸರುಗಳನ್ನು ಇಟ್ಟಿದ್ದಾರೆ. ಒಂದೇ ವಾಣಿಜ್ಯ ಹೆಸರು ಭಿನ್ನ ರಚನೆಗಳನ್ನು ಸೂಚಿಸಬಹುದು. ಸುಜುಕಿಯ ಆಲ್‌ಗ್ರಿಪ್ ಹೆಸರಿನಡಿ ಜಿಮ್ನಿಯಲ್ಲಿ ಚಾಲಕನು ಸನ್ನೆಕೋಲಿನಿಂದ ಆಯ್ದುಕೊಳ್ಳುವ ವ್ಯವಸ್ಥೆಯಿದ್ದರೆ, ಗ್ರ್ಯಾಂಡ್ ವಿಟಾರಾದಲ್ಲಿ ವಿದ್ಯುನ್ಮಾನ ನಿಯಂತ್ರಣದ ಸ್ವಯಂಚಾಲಿತ ವ್ಯವಸ್ಥೆಯಿದೆ.

ಇತಿಹಾಸ

ನಾಲ್ಕೂ ಚಕ್ರಗಳನ್ನು ನಡೆಸುವ ಪ್ರಯತ್ನಗಳು ಮೋಟಾರು ವಾಹನದಷ್ಟೇ ಹಳೆಯವು. ಫರ್ಡಿನಾಂಡ್ ಪೋರ್ಷೆ 1900ರಲ್ಲಿ ನಾಲ್ಕೂ ಚಕ್ರಗಳ ಗುಂಬದಲ್ಲಿ ವಿದ್ಯುತ್ ಮೋಟರುಗಳಿದ್ದ ವಾಹನವನ್ನು ರೂಪಿಸಿದರು. ನೆದರ್ಲೆಂಡ್ಸ್‌ನ ಸ್ಪೈಕರ್ ಕಂಪನಿಯ 1903ರ ಕಾರು ಪೆಟ್ರೋಲ್ ಎಂಜಿನ್ನಿನ ಮೊದಲ ನಾಲ್ಕುಚಕ್ರ ಚಾಲನೆಯ ಕಾರುಗಳಲ್ಲಿ ಒಂದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ಜೀಪ್ ಈ ತಂತ್ರವನ್ನು ಜಗತ್ತಿನಾದ್ಯಂತ ಪರಿಚಯಿಸಿತು. 1948ರಲ್ಲಿ ಬ್ರಿಟನ್ನಿನಲ್ಲಿ ಲ್ಯಾಂಡ್ ರೋವರ್ ಬಂದಿತು.

ರಸ್ತೆಯ ಮೇಲಿನ ಸುರಕ್ಷತೆಗಾಗಿ ಸರ್ವಚಕ್ರ ಚಾಲನೆಯನ್ನು ಬಳಸುವ ಆಲೋಚನೆಗೆ ಹ್ಯಾರಿ ಫರ್ಗುಸನ್ ಸ್ಥಾಪಿಸಿದ ಸಂಶೋಧನಾ ಸಂಸ್ಥೆ ರೂಪ ಕೊಟ್ಟಿತು. ಅದರ ವಿನ್ಯಾಸವನ್ನು ಬಳಸಿದ ಜೆನ್ಸೆನ್ ಎಫ್‌ಎಫ್ ಕಾರು 1966ರಲ್ಲಿ ತಯಾರಿಕೆಗೆ ಬಂದಿತು. 1970ರ ರೇಂಜ್ ರೋವರ್ ಮಧ್ಯದ ಡಿಫರೆನ್ಷಿಯಲ್ ಹೊಂದಿದ ಶಾಶ್ವತ ನಾಲ್ಕುಚಕ್ರ ಚಾಲನೆಯನ್ನು ದುರ್ಗಮ ದಾರಿಯ ವಾಹನಕ್ಕೆ ತಂದಿತು. ಸೋವಿಯತ್ ಒಕ್ಕೂಟದ ಲಾಡಾ ನಿವಾ 1977ರಲ್ಲಿ ಅದೇ ತತ್ತ್ವವನ್ನು ಚಿಕ್ಕ, ಅಗ್ಗದ ವಾಹನದಲ್ಲಿ ಅಳವಡಿಸಿತು. 1980ರ ಜಿನೀವಾ ಮೋಟಾರು ಪ್ರದರ್ಶನದಲ್ಲಿ ಅನಾವರಣಗೊಂಡ ಆಡಿ ಕ್ವಾಟ್ರೊ ರ‍್ಯಾಲಿ ಸ್ಪರ್ಧೆಗಳಲ್ಲಿ ಗಳಿಸಿದ ಯಶಸ್ಸು ಉಳಿದ ತಯಾರಕರನ್ನೂ ಈ ದಿಕ್ಕಿಗೆ ಎಳೆಯಿತು.

1990ರ ದಶಕದಲ್ಲಿ ಕಾರಿನ ತಳಹದಿಯ ಮೇಲೆ ಕಟ್ಟಿದ ಚಿಕ್ಕ ಎಸ್‌ಯುವಿಗಳು ಬಂದವು. ಟೊಯೊಟಾ ಆರ್‌ಎವಿ4 1994ರಲ್ಲಿಯೂ, ಹೋಂಡಾ ಸಿಆರ್-ವಿ 1995ರಲ್ಲಿಯೂ ಜಪಾನಿನಲ್ಲಿ ಬಿಡುಗಡೆಯಾದವು. ಸ್ವೀಡನ್ನಿನ ಹಾಲ್ಡೆಕ್ಸ್ ಕಂಪನಿಯ ವಿದ್ಯುನ್ಮಾನ ನಿಯಂತ್ರಿತ ಕ್ಲಚ್ 1998ರಲ್ಲಿ ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳಲ್ಲಿ ಬಳಕೆಗೆ ಬಂದ ಬಳಿಕ, ಇದೇ ಬಗೆಯ ಜೋಡಣೆ ಚಿಕ್ಕ ಮತ್ತು ಮಧ್ಯಮ ಗಾತ್ರದ ಎಸ್‌ಯುವಿಗಳಲ್ಲಿ ವ್ಯಾಪಕವಾಯಿತು.

ಬಗೆಗಳು

ಅರೆಕಾಲಿಕ ನಾಲ್ಕುಚಕ್ರ ಚಾಲನೆ

ಇದು ಅತ್ಯಂತ ಸರಳವೂ ಗಟ್ಟಿಮುಟ್ಟಾದುದೂ ಆದ ವ್ಯವಸ್ಥೆ. ಸಾಮಾನ್ಯ ಸಂಚಾರದಲ್ಲಿ ಹಿಂದಿನ ಚಕ್ರಗಳು ಮಾತ್ರ ವಾಹನವನ್ನು ನಡೆಸುತ್ತವೆ. ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಚಾಲಕನು ಸನ್ನೆಕೋಲು ಅಥವಾ ಗುಂಡಿಯ ಮೂಲಕ ಆಯ್ದುಕೊಂಡಾಗ ಈ ಪೆಟ್ಟಿಗೆಯು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಹಿಂದಿನದರ ಜೊತೆ ಗಟ್ಟಿಯಾಗಿ ಬೆಸೆಯುತ್ತದೆ. ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಹೀಗಾಗಿ ಎರಡೂ ಅಚ್ಚುಗಳು ಒಂದೇ ವೇಗದಲ್ಲಿ ಸುತ್ತಲೇಬೇಕು.

ಇಂತಹ ವಾಹನಗಳಲ್ಲಿ ಸಾಮಾನ್ಯವಾಗಿ ಮೂರು ಆಯ್ಕೆಗಳಿರುತ್ತವೆ:

- 2ಎಚ್: ಎರಡು ಚಕ್ರಗಳ ಚಾಲನೆ, ಗಟ್ಟಿ ರಸ್ತೆಗಳಿಗೆ.
- 4ಎಚ್: ಸಾಮಾನ್ಯ ಗೇರು ಅನುಪಾತದಲ್ಲಿ ನಾಲ್ಕುಚಕ್ರ ಚಾಲನೆ, ಕೆಸರು, ಮರಳು, ಹಿಮ ಅಥವಾ ಜಲ್ಲಿಯ ದಾರಿಗಳಿಗೆ.
- 4ಎಲ್: ವೇಗವನ್ನು ತಗ್ಗಿಸಿ ಟಾರ್ಕನ್ನು ಹೆಚ್ಚಿಸುವ ಕಡಿಮೆ ಅನುಪಾತದಲ್ಲಿ ನಾಲ್ಕುಚಕ್ರ ಚಾಲನೆ, ಕಡಿದಾದ ಏರು, ಬಂಡೆಗಳು ಮತ್ತು ಆಳವಾದ ಕೆಸರಿಗೆ.

ಕಡಿಮೆ ಅನುಪಾತದ ಮೌಲ್ಯ ವಾಹನದಿಂದ ವಾಹನಕ್ಕೆ ಬದಲಾಗುತ್ತದೆ. ಜೀಪ್ ರ‍್ಯಾಂಗ್ಲರ್‌ನ ರೂಬಿಕಾನ್ ಮಾದರಿಯಲ್ಲಿ ಇದು 4:1. ಅಂದರೆ ಟ್ರಾನ್ಸ್‌ಫರ್ ಕೇಸಿನಿಂದ ಹೊರಬರುವ ಟಾರ್ಕ್ ನಾಲ್ಕು ಪಟ್ಟಾಗುತ್ತದೆ, ವೇಗ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನು ಹೆಚ್ಚು ಬಳಸದೆ ಎಂಜಿನ್ನಿನ ತಡೆಯಿಂದಲೇ ನಿಧಾನವಾಗಿ ಇಳಿಯಲೂ ಇದು ನೆರವಾಗುತ್ತದೆ.

ಈ ವ್ಯವಸ್ಥೆಯ ಮುಖ್ಯ ನಿರ್ಬಂಧವೆಂದರೆ ಒಣಗಿದ ಡಾಂಬರು ಅಥವಾ ಕಾಂಕ್ರೀಟ್ ರಸ್ತೆಯಲ್ಲಿ ನಾಲ್ಕುಚಕ್ರ ಚಾಲನೆಯನ್ನು ಬಳಸುವಂತಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ವೇಗವಾಗಿ ಸುತ್ತಬೇಕು, ಆದರೆ ಬೆಸುಗೆಯು ಅದಕ್ಕೆ ಬಿಡುವುದಿಲ್ಲ. ಕೆಸರಿನಲ್ಲಾದರೆ ಟೈರು ತುಸು ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಒಣ ರಸ್ತೆಯಲ್ಲಿ ಟೈರು ಸುಲಭವಾಗಿ ಜಾರದ ಕಾರಣ ಶಾಫ್ಟು ಮತ್ತು ಗೇರುಗಳಲ್ಲಿ ತಿರುಚು ಒತ್ತಡ ಸಂಗ್ರಹವಾಗುತ್ತದೆ. ಸ್ಟೀರಿಂಗ್ ಬಿಗಿಯಾಗುತ್ತದೆ, ವಾಹನ ಜಗ್ಗಿದಂತಾಗುತ್ತದೆ, ನಾಲ್ಕುಚಕ್ರ ಚಾಲನೆಯಿಂದ ಹೊರಬರಲು ಸನ್ನೆಕೋಲು ಒಪ್ಪದೆ ಹೋಗಬಹುದು. ಇದೇ ಸ್ಥಿತಿ ಮುಂದುವರಿದರೆ ಭಾಗಗಳು ಮುರಿಯುವ ಸಂಭವವಿದೆ. ಒತ್ತಡ ಸಿಲುಕಿಕೊಂಡಾಗ ವಾಹನವನ್ನು ನೇರವಾಗಿ ಸ್ವಲ್ಪ ದೂರ ಹಿಂದಕ್ಕೆ ಚಲಾಯಿಸುವುದರಿಂದ ಅದು ಸಡಿಲಗೊಳ್ಳುತ್ತದೆ.

ಪೂರ್ಣಕಾಲಿಕ ಚಾಲನೆ

ಪೂರ್ಣಕಾಲಿಕ ವ್ಯವಸ್ಥೆಯಲ್ಲಿ ಎರಡು ಅಚ್ಚುಗಳ ನಡುವೆಯೂ ಒಂದು ಡಿಫರೆನ್ಷಿಯಲ್ ಇರುತ್ತದೆ. ಅಚ್ಚುಗಳಲ್ಲಿರುವ ಎರಡರೊಂದಿಗೆ ಸೇರಿ ಒಟ್ಟು ಮೂರು ಡಿಫರೆನ್ಷಿಯಲ್‌ಗಳಾಗುತ್ತವೆ. ಮಧ್ಯದ ಡಿಫರೆನ್ಷಿಯಲ್ ವೇಗವ್ಯತ್ಯಾಸವನ್ನು ನುಂಗಿಕೊಳ್ಳುವುದರಿಂದ ಒಣ ರಸ್ತೆಯಲ್ಲಿಯೂ ನಾಲ್ಕು ಚಕ್ರಗಳು ಸದಾ ಚಾಲನೆಯಲ್ಲಿರಬಹುದು.

ಆದರೆ ಮಧ್ಯದ ಡಿಫರೆನ್ಷಿಯಲ್ ಮುಕ್ತವಾಗಿದ್ದರೆ ಒಂದೇ ಒಂದು ಚಕ್ರ ಗಾಳಿಯಲ್ಲಿ ತೇಲಿದರೂ ಇಡೀ ವಾಹನ ನಿಂತುಬಿಡುತ್ತದೆ. ಟಾರ್ಕ್ ಅತಿ ಕಡಿಮೆ ಹಿಡಿತವಿರುವ ಚಕ್ರದ ಮಟ್ಟಕ್ಕೆ ಕುಸಿಯುತ್ತದೆ. ಆದ್ದರಿಂದ ಅದಕ್ಕೆ ಯಾವುದಾದರೊಂದು ತಡೆ ಅಗತ್ಯ. ರೇಂಜ್ ರೋವರ್‌ನ ಮೊದಲ ಮಾದರಿ ಮತ್ತು ಲಾಡಾ ನಿವಾಗಳಲ್ಲಿ ಚಾಲಕನು ಮಧ್ಯದ ಡಿಫರೆನ್ಷಿಯಲ್ಲನ್ನು ಬೀಗ ಹಾಕಿದಂತೆ ಲಾಕ್ ಮಾಡಬಹುದಿತ್ತು. ಲಾಕ್ ಮಾಡಿದಾಗ ಅದು ಅರೆಕಾಲಿಕ ವ್ಯವಸ್ಥೆಯ 4ಎಚ್‌ನಂತೆಯೇ ವರ್ತಿಸುತ್ತದೆ, ಅದರ ನಿರ್ಬಂಧವೂ ಅನ್ವಯಿಸುತ್ತದೆ.

ಇನ್ನೊಂದು ಪರಿಹಾರ ಟಾರ್ಸನ್ ಡಿಫರೆನ್ಷಿಯಲ್. ಟಾರ್ಕನ್ನು ಗ್ರಹಿಸುವುದು ಎಂಬರ್ಥದ ಎರಡು ಇಂಗ್ಲಿಷ್ ಪದಗಳಿಂದ ಈ ಹೆಸರು ಬಂದಿದೆ. ಅಮೆರಿಕದ ವರ್ನನ್ ಗ್ಲೀಸ್‌ಮನ್ ಇದರ ಸಂಶೋಧಕರು. ಇದರೊಳಗಿನ ಸುರುಳಿ ಹಲ್ಲಿನ ಗೇರುಗಳು ಹೊರೆ ಬಿದ್ದಾಗ ಒಂದಕ್ಕೊಂದು ಒತ್ತಿಕೊಂಡು ಘರ್ಷಣೆ ಉಂಟುಮಾಡುತ್ತವೆ. ಅದರಿಂದ ನಿಧಾನವಾಗಿ ಸುತ್ತುವ, ಅಂದರೆ ಹಿಡಿತವಿರುವ ಅಚ್ಚಿಗೆ ಹೆಚ್ಚಿನ ಟಾರ್ಕ್ ಹರಿಯುತ್ತದೆ. ಇದಕ್ಕೆ ಸಂವೇದಕವಾಗಲಿ ಗಣಕವಾಗಲಿ ಬೇಡ, ಪ್ರತಿಕ್ರಿಯೆಯೂ ತತ್‌ಕ್ಷಣದ್ದು. ಟಾರ್ಕ್ ವಿಭಜನೆಯ ಗರಿಷ್ಠ ಅನುಪಾತ 3:1 ಇರುವ ಜೋಡಣೆಯಲ್ಲಿ ಜಾರುವ ಅಚ್ಚು 100 ನ್ಯೂಟನ್-ಮೀಟರ್ ತಾಳಿದರೆ ಇನ್ನೊಂದಕ್ಕೆ 300ರವರೆಗೆ ದೊರೆಯುತ್ತದೆ. ಆದರೆ ಜಾರುವ ಬದಿಯಲ್ಲಿ ತಡೆ ಸೊನ್ನೆಯಾದರೆ, ಸೊನ್ನೆಯ ಮೂರು ಪಟ್ಟೂ ಸೊನ್ನೆಯೇ. ಇಂತಹ ಸಂದರ್ಭದಲ್ಲಿ ಬ್ರೇಕಿನ ನೆರವು ಬೇಕಾಗುತ್ತದೆ. ಟೊಯೊಟಾ ಲ್ಯಾಂಡ್ ಕ್ರೂಸರ್ 200 ಮತ್ತು ಆಡಿ ಕ್ಯೂ7ರ ಮೊದಲ ತಲೆಮಾರಿನಲ್ಲಿ ಸಾಮಾನ್ಯ ಸ್ಥಿತಿಯಲ್ಲಿ ಮುಂದಕ್ಕೆ ಶೇಕಡಾ 40, ಹಿಂದಕ್ಕೆ ಶೇಕಡಾ 60ರಷ್ಟು ಟಾರ್ಕ್ ಹಂಚುವ ಟಾರ್ಸನ್ ಜೋಡಣೆ ಇತ್ತು.

ಅಗತ್ಯಾನುಸಾರಿ ಚಾಲನೆ

ಕಾರಿನ ತಳಹದಿಯ ಮೇಲೆ ಕಟ್ಟಿದ ಎಸ್‌ಯುವಿಗಳಲ್ಲಿ ಹೆಚ್ಚಾಗಿ ಕಾಣುವ ಬಗೆ ಇದು. ಇವುಗಳಲ್ಲಿ ಎಂಜಿನ್ ಸಾಮಾನ್ಯವಾಗಿ ಅಡ್ಡಲಾಗಿ ಕೂತಿದ್ದು ಮುಂದಿನ ಚಕ್ರಗಳನ್ನು ನೇರವಾಗಿ ನಡೆಸುತ್ತದೆ. ಹಿಂದಿನ ಅಚ್ಚಿನ ಬಳಿ ಇರುವ ಒಂದು ಜೋಡಣೆ ಬೇಕಾದಾಗ ಮಾತ್ರ ಹಿಂದಿನ ಚಕ್ರಗಳಿಗೆ ಬಲವನ್ನು ಬಿಡುತ್ತದೆ. ಈ ಜೋಡಣೆಯಲ್ಲಿ ಮೂರು ವಿಧಗಳಿವೆ.

ಸ್ನಿಗ್ಧ ಜೋಡಣೆ: ಮುಚ್ಚಿದ ಉರುಳೆಯೊಳಗೆ ಹತ್ತಾರು ತೆಳು ಬಿಲ್ಲೆಗಳು ಒಂದು ಬಿಟ್ಟು ಒಂದರಂತೆ ಮುಂದಿನ ಮತ್ತು ಹಿಂದಿನ ಶಾಫ್ಟುಗಳಿಗೆ ಸೇರಿರುತ್ತವೆ. ನಡುವಿನ ಜಾಗದಲ್ಲಿ ದಪ್ಪನೆಯ ಸಿಲಿಕೋನ್ ದ್ರವ ತುಂಬಿರುತ್ತದೆ. ಎರಡೂ ಶಾಫ್ಟುಗಳ ವೇಗ ಒಂದೇ ಆಗಿದ್ದಾಗ ದ್ರವ ಸುಮ್ಮನಿರುತ್ತದೆ. ಮುಂದಿನ ಚಕ್ರಗಳು ಜಾರಿ ವೇಗವ್ಯತ್ಯಾಸ ಹೆಚ್ಚಿದಾಗ ಬಿಲ್ಲೆಗಳು ದ್ರವವನ್ನು ಕಡೆಯುತ್ತವೆ, ಅದು ಬಿಸಿಯಾಗಿ ಹಿಗ್ಗುತ್ತದೆ, ಒಳಗಿನ ಒತ್ತಡ ಏರುತ್ತದೆ ಮತ್ತು ಹಿಂದಿನ ಶಾಫ್ಟು ಸೆಳೆಯಲ್ಪಡುತ್ತದೆ. ಅಗ್ಗವೂ ಸರಳವೂ ಆದ ಈ ಜೋಡಣೆ ಚಕ್ರ ಜಾರಿದ ಮೇಲೆ ತುಸು ತಡವಾಗಿ ಪ್ರತಿಕ್ರಿಯಿಸುತ್ತದೆ.

ಎರಡು ಪಂಪುಗಳ ಜೋಡಣೆ: ಹೋಂಡಾ ಸಿಆರ್-ವಿಯ ಆರಂಭದ ಮಾದರಿಗಳಲ್ಲಿ ಬಳಕೆಯಾದ ವಿಧ. ಒಂದು ಎಣ್ಣೆ ಪಂಪು ಮುಂದಿನ ಚಕ್ರಗಳ ವೇಗದಲ್ಲಿ, ಇನ್ನೊಂದು ಹಿಂದಿನ ಚಕ್ರಗಳ ವೇಗದಲ್ಲಿ ಸುತ್ತುತ್ತದೆ. ವೇಗ ಸಮವಾಗಿದ್ದರೆ ಒಂದು ಪಂಪು ಹೊರಹಾಕಿದ ಎಣ್ಣೆಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ. ಮುಂದಿನ ಚಕ್ರಗಳು ಜಾರಿದರೆ ಮಿಕ್ಕಿದ ಎಣ್ಣೆಯ ಒತ್ತಡವು ಕ್ಲಚ್ಚನ್ನು ಒತ್ತಿ ಹಿಂದಿನ ಅಚ್ಚನ್ನು ಸೇರಿಸುತ್ತದೆ.

ವಿದ್ಯುನ್ಮಾನ ನಿಯಂತ್ರಿತ ಕ್ಲಚ್: ಎಣ್ಣೆಯಲ್ಲಿ ಮುಳುಗಿದ ಬಹುಬಿಲ್ಲೆಗಳ ಕ್ಲಚ್ಚನ್ನು ವಿದ್ಯುತ್ಕಾಂತ ಅಥವಾ ವಿದ್ಯುತ್ ಪಂಪು ಒತ್ತುತ್ತದೆ. ಎಷ್ಟು ಒತ್ತಬೇಕೆಂಬುದನ್ನು ಚಕ್ರಗಳ ವೇಗ, ಆಕ್ಸಿಲರೇಟರ್ ಸ್ಥಾನ, ಸ್ಟೀರಿಂಗ್ ಕೋನ ಮುಂತಾದ ಮಾಹಿತಿಯಿಂದ ನಿಯಂತ್ರಣ ಘಟಕ ನಿರ್ಧರಿಸುತ್ತದೆ. ಹಿಂದಿನ ಎರಡು ವಿಧಗಳು ಚಕ್ರ ಜಾರಿದ ಮೇಲಷ್ಟೇ ಎಚ್ಚೆತ್ತುಕೊಂಡರೆ, ಇದು ಮುಂಚಿತವಾಗಿಯೇ ಸಿದ್ಧವಾಗಬಲ್ಲದು. ನಿಂತ ವಾಹನದಲ್ಲಿ ಚಾಲಕ ಆಕ್ಸಿಲರೇಟರನ್ನು ಬಲವಾಗಿ ತುಳಿದ ಕೂಡಲೆ, ಚಕ್ರ ಜಾರುವ ಮೊದಲೇ ಕ್ಲಚ್ ಬಿಗಿಯಾಗುತ್ತದೆ. ಬ್ರೇಕ್ ಒತ್ತಿದಾಗ ಚಕ್ರಗಳು ಒಂದನ್ನೊಂದು ಎಳೆಯದಂತೆ ಅದು ಸಡಿಲಗೊಳ್ಳಬಲ್ಲದು.

ಈ ವಾಹನಗಳ ಜಾಹೀರಾತುಗಳಲ್ಲಿ ಬರುವ 50:50 ಎಂಬ ಅಂಕಿಯನ್ನು ಎಚ್ಚರದಿಂದ ಅರ್ಥೈಸಬೇಕಾಗುತ್ತದೆ. ಕ್ಲಚ್ ಪೂರ್ತಿ ಬಿಗಿದಾಗ ಎರಡೂ ಅಚ್ಚುಗಳ ವೇಗ ಸಮವಾಗುತ್ತದೆ. ಟಾರ್ಕ್ ಎಷ್ಟು ಎತ್ತ ಹೋಗುತ್ತದೆ ಎಂಬುದನ್ನು ಆ ಕ್ಷಣದಲ್ಲಿ ಪ್ರತಿ ಅಚ್ಚಿಗೆ ಇರುವ ಹಿಡಿತವೇ ನಿರ್ಧರಿಸುತ್ತದೆ. ಮುಂದಿನ ಚಕ್ರಗಳು ಮಂಜುಗಡ್ಡೆಯ ಮೇಲಿದ್ದರೆ, ಕ್ಲಚ್ಚಿನ ಸಾಮರ್ಥ್ಯದೊಳಗೆ, ಬಹುತೇಕ ಟಾರ್ಕ್ ಹಿಂದಕ್ಕೇ ಹೋಗುತ್ತದೆ.

ಕ್ಲಚ್ಚಿನ ಮುಖ್ಯ ಶತ್ರು ಬಿಸಿ. ಆಳವಾದ ಮರಳಿನಲ್ಲಿ ದೀರ್ಘಕಾಲ ಹೆಣಗಿದಾಗ ಬಿಲ್ಲೆಗಳು ಜಾರುತ್ತ ಕಾಯುತ್ತವೆ. ಹಾನಿಯಾಗದಂತೆ ನಿಯಂತ್ರಣ ಘಟಕವು ಹಿಂದಿನ ಅಚ್ಚನ್ನು ತಾತ್ಕಾಲಿಕವಾಗಿ ಬಿಡಿಸಿಬಿಡಬಹುದು. ಆಗ ವಾಹನ ಅತ್ಯಂತ ಅಗತ್ಯದ ಹೊತ್ತಿನಲ್ಲಿಯೇ ಎರಡು ಚಕ್ರಗಳ ಚಾಲನೆಗೆ ಇಳಿಯುತ್ತದೆ. ಟ್ರಾನ್ಸ್‌ಫರ್ ಕೇಸಿನ ಕಡಿಮೆ ಅನುಪಾತವೂ ಈ ಬಗೆಯ ಹೆಚ್ಚಿನ ವಾಹನಗಳಲ್ಲಿ ಇರುವುದಿಲ್ಲ.

ಮಿಶ್ರ ವ್ಯವಸ್ಥೆಗಳು

ಕೆಲವು ವಾಹನಗಳು ಮೇಲಿನ ಬಗೆಗಳನ್ನು ಒಂದುಗೂಡಿಸುತ್ತವೆ. ಮಿತ್ಸುಬಿಶಿ ಪಜೇರೊದ ಎರಡನೆಯ ತಲೆಮಾರಿನಲ್ಲಿ 1991ರಲ್ಲಿ ಬಂದ ಸೂಪರ್ ಸೆಲೆಕ್ಟ್ ವ್ಯವಸ್ಥೆಯಲ್ಲಿ ಹಿಂದಿನ ಚಕ್ರಗಳ ಚಾಲನೆ, ಮಧ್ಯದ ಡಿಫರೆನ್ಷಿಯಲ್ ಮುಕ್ತವಾಗಿರುವ ನಾಲ್ಕುಚಕ್ರ ಚಾಲನೆ, ಅದು ಲಾಕ್ ಆಗಿರುವ ನಾಲ್ಕುಚಕ್ರ ಚಾಲನೆ ಮತ್ತು ಕಡಿಮೆ ಅನುಪಾತ ಎಂಬ ನಾಲ್ಕು ಆಯ್ಕೆಗಳಿದ್ದವು. ಮಳೆಯಲ್ಲಿ ಡಾಂಬರು ರಸ್ತೆಯಲ್ಲಿಯೂ, ಕಾಡಿನ ಕೆಸರಿನಲ್ಲಿಯೂ ಒಂದೇ ವಾಹನ ನಾಲ್ಕುಚಕ್ರ ಚಾಲನೆಯನ್ನು ಸುರಕ್ಷಿತವಾಗಿ ಬಳಸುವುದು ಇದರಿಂದ ಸಾಧ್ಯವಾಯಿತು.

ವಿದ್ಯುತ್ ಸರ್ವಚಕ್ರ ಚಾಲನೆ

ಮುಂದಿನ ಮತ್ತು ಹಿಂದಿನ ಅಚ್ಚುಗಳಿಗೆ ಬೇರೆ ಬೇರೆ ಮೋಟರುಗಳನ್ನು ಕೊಟ್ಟರೆ ಪ್ರೊಪೆಲ್ಲರ್ ಶಾಫ್ಟು, ಟ್ರಾನ್ಸ್‌ಫರ್ ಕೇಸು, ಮಧ್ಯದ ಡಿಫರೆನ್ಷಿಯಲ್ ಯಾವುದೂ ಬೇಕಾಗುವುದಿಲ್ಲ. ಅಚ್ಚುಗಳ ನಡುವೆ ಯಾಂತ್ರಿಕ ಸಂಬಂಧವೇ ಇಲ್ಲದ ಕಾರಣ ತಿರುವಿನ ವೇಗವ್ಯತ್ಯಾಸದ ಸಮಸ್ಯೆ ತಾನಾಗಿಯೇ ಇಲ್ಲವಾಗುತ್ತದೆ. ಮೋಟರಿನ ಟಾರ್ಕನ್ನು ಕೆಲವೇ ಮಿಲಿಸೆಕೆಂಡುಗಳಲ್ಲಿ ಬದಲಾಯಿಸಬಹುದಾದುದರಿಂದ ಜಾರುವಿಕೆಗೆ ಪ್ರತಿಕ್ರಿಯೆಯೂ ಶೀಘ್ರ.

ಟೊಯೊಟಾ ತನ್ನ ಎಸ್ಟಿಮಾ ಹೈಬ್ರಿಡ್ ವಾಹನದಲ್ಲಿ 2001ರಲ್ಲಿ ಹಿಂದಿನ ಅಚ್ಚಿಗೆ ವಿದ್ಯುತ್ ಮೋಟರನ್ನು ಅಳವಡಿಸಿತು. ಬಳಿಕ ಲೆಕ್ಸಸ್ ಆರ್‌ಎಕ್ಸ್ 400ಎಚ್ ಎಸ್‌ಯುವಿಯಲ್ಲಿ ಇದೇ ವಿಧಾನ ಬಂದಿತು. 2013ರ ಮಿತ್ಸುಬಿಶಿ ಔಟ್‌ಲ್ಯಾಂಡರ್ ಪ್ಲಗ್-ಇನ್ ಹೈಬ್ರಿಡ್‌ನಲ್ಲಿ ಮುಂದೊಂದು, ಹಿಂದೊಂದು ಮೋಟರುಗಳಿದ್ದವು. ರಿವಿಯನ್ ಆರ್1ಎಸ್‌ನ ಒಂದು ಮಾದರಿಯಲ್ಲಿ ಹಾಗೂ ಮರ್ಸಿಡಿಸ್-ಬೆಂಜ್ ಜಿ-ಕ್ಲಾಸ್‌ನ ವಿದ್ಯುತ್ ಮಾದರಿಯಲ್ಲಿ ಪ್ರತಿ ಚಕ್ರಕ್ಕೊಂದರಂತೆ ನಾಲ್ಕು ಮೋಟರುಗಳಿವೆ.

ಇದಕ್ಕೂ ಮಿತಿಯಿದೆ. ಯಾಂತ್ರಿಕ ವ್ಯವಸ್ಥೆಯಲ್ಲಿ ಮುಂದಿನ ಚಕ್ರಗಳು ಜಾರಿದರೆ ಎಂಜಿನ್ನಿನ ಬಹುತೇಕ ಶಕ್ತಿ ಹಿಂದಕ್ಕೆ ಹೋಗಬಲ್ಲದು. ಎರಡು ಮೋಟರುಗಳ ವಾಹನದಲ್ಲಿ ಮುಂದಿನ ಮೋಟರಿನ ಟಾರ್ಕನ್ನು ಹಿಂದಕ್ಕೆ ಕಳುಹಿಸುವ ದಾರಿಯಿಲ್ಲ. ಹಿಂದಿನ ಮೋಟರಿಗೆ ಎಷ್ಟು ಸಾಮರ್ಥ್ಯವಿದೆಯೋ ಅಷ್ಟೇ ದೊರೆಯುತ್ತದೆ. ಹಿಂದೆ ಚಿಕ್ಕ ಮೋಟರು ಮಾತ್ರ ಇರುವ ಹೈಬ್ರಿಡ್‌ಗಳು ಜಾರುವ ರಸ್ತೆಯಲ್ಲಿ ಹೊರಡಲು ನೆರವಾಗುತ್ತವೆಯೇ ಹೊರತು ಆಳವಾದ ಕೆಸರನ್ನು ದಾಟಲು ರೂಪುಗೊಂಡವಲ್ಲ.

ಎಡ ಮತ್ತು ಬಲ ಚಕ್ರಗಳ ನಡುವಿನ ನಿಯಂತ್ರಣ

ಮೇಲೆ ವಿವರಿಸಿದ ಯಾಂತ್ರಿಕ ಬಗೆಗಳು ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಬಲ ಹಂಚುತ್ತವೆ. ಅಚ್ಚಿನೊಳಗಿನ ಡಿಫರೆನ್ಷಿಯಲ್ ಮುಕ್ತವಾಗಿದ್ದರೆ ಪ್ರತಿ ಅಚ್ಚಿನಲ್ಲಿ ಒಂದೊಂದು ಚಕ್ರ ಜಾರಿದರೂ ಸಾಕು, ನಾಲ್ಕುಚಕ್ರ ಚಾಲನೆಯ ವಾಹನವೂ ನಿಂತುಬಿಡುತ್ತದೆ. ಇದನ್ನು ತಪ್ಪಿಸಲು ಹಲವು ಉಪಾಯಗಳಿವೆ.

- ಲಾಕಿಂಗ್ ಡಿಫರೆನ್ಷಿಯಲ್: ಅಚ್ಚಿನ ಎರಡೂ ಚಕ್ರಗಳನ್ನು ಬೆಸೆದು ಒಂದೇ ವೇಗದಲ್ಲಿ ಸುತ್ತಿಸುತ್ತದೆ. ದುರ್ಗಮ ದಾರಿಯಲ್ಲಿ ಅತ್ಯಂತ ಪರಿಣಾಮಕಾರಿ, ಆದರೆ ವಾಹನವನ್ನು ತಿರುಗಿಸುವುದು ಕಷ್ಟವಾಗುತ್ತದೆ. ಮರ್ಸಿಡಿಸ್-ಬೆಂಜ್ ಜಿ-ಕ್ಲಾಸ್ ಮೂರು ಲಾಕ್‌ಗಳಿಗೆ ಹೆಸರಾಗಿದೆ.
- ಸೀಮಿತ ಜಾರುವಿಕೆಯ ಡಿಫರೆನ್ಷಿಯಲ್: ಬಿಲ್ಲೆಗಳು ಅಥವಾ ವಿಶೇಷ ಗೇರುಗಳ ಘರ್ಷಣೆಯಿಂದ ವೇಗವ್ಯತ್ಯಾಸವನ್ನು ಭಾಗಶಃ ತಡೆಯುತ್ತದೆ.
- ಬ್ರೇಕ್ ಆಧಾರಿತ ಹಿಡಿತ ನಿಯಂತ್ರಣ: ಜಾರಿ ಸುತ್ತುವ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಲಾಗುತ್ತದೆ. ಆ ಚಕ್ರದಲ್ಲಿ ಕೃತಕ ತಡೆ ಹುಟ್ಟುವುದರಿಂದ ಮುಕ್ತ ಡಿಫರೆನ್ಷಿಯಲ್ ಇನ್ನೊಂದು ಬದಿಗೂ ಅಷ್ಟೇ ಟಾರ್ಕ್ ನೀಡುತ್ತದೆ. ಇದಕ್ಕೆ ಹೊಸ ಯಂತ್ರಭಾಗ ಬೇಕಿಲ್ಲ, ಆದರೆ ಶಕ್ತಿಯ ಒಂದಂಶ ಬ್ರೇಕಿನಲ್ಲಿ ಶಾಖವಾಗಿ ನಷ್ಟವಾಗುತ್ತದೆ.
- ಟಾರ್ಕ್ ವೆಕ್ಟರಿಂಗ್: ಹಿಂದಿನ ಅಚ್ಚಿನ ಎಡ ಮತ್ತು ಬಲ ಚಕ್ರಗಳಿಗೆ ಪ್ರತ್ಯೇಕ ಕ್ಲಚ್ ಅಥವಾ ಪ್ರತ್ಯೇಕ ಮೋಟರು ಇರುತ್ತದೆ. ತಿರುವಿನಲ್ಲಿ ಹೊರಬದಿಯ ಚಕ್ರಕ್ಕೆ ಹೆಚ್ಚು ಬಲ ನೀಡಿ ವಾಹನವು ಸುಲಭವಾಗಿ ತಿರುಗುವಂತೆ ಮಾಡಲಾಗುತ್ತದೆ.

ಸನ್ನಿವೇಶವಾರು ಹೋಲಿಕೆ

ಒಣ ರಸ್ತೆಯ ಬಿಗಿಯಾದ ತಿರುವು: ಪೂರ್ಣಕಾಲಿಕ, ಅಗತ್ಯಾನುಸಾರಿ ಮತ್ತು ವಿದ್ಯುತ್ ವ್ಯವಸ್ಥೆಗಳು ಸುಗಮವಾಗಿ ತಿರುಗುತ್ತವೆ. ಅರೆಕಾಲಿಕ ವ್ಯವಸ್ಥೆಯನ್ನು 2ಎಚ್‌ನಲ್ಲಿಯೇ ಇಡಬೇಕು.

ಮುಂದಿನ ಎರಡೂ ಚಕ್ರಗಳು ಕೆಸರಿನಲ್ಲಿ, ಹಿಂದಿನವು ಗಟ್ಟಿ ನೆಲದಲ್ಲಿ: ಅರೆಕಾಲಿಕ ವಾಹನವು 4ಎಚ್‌ನಲ್ಲಿ ಹಿಂದಿನ ಚಕ್ರಗಳ ಬಲದಿಂದ ಹೊರಬರುತ್ತದೆ. ಅಗತ್ಯಾನುಸಾರಿ ವಾಹನವು ಮುಂದಿನ ಚಕ್ರಗಳು ತುಸು ಸುತ್ತಿದ ಮೇಲೆ ಅಥವಾ ಮೊದಲೇ ಕ್ಲಚ್ ಬಿಗಿದುಕೊಂಡು ಹೊರಬರುತ್ತದೆ. ಮಧ್ಯದ ಡಿಫರೆನ್ಷಿಯಲ್ ಮುಕ್ತವಾಗಿರುವ ಪೂರ್ಣಕಾಲಿಕ ವಾಹನಕ್ಕೆ ಲಾಕ್ ಅಥವಾ ಬ್ರೇಕ್ ನೆರವು ಬೇಕು. ವಿದ್ಯುತ್ ವಾಹನವನ್ನು ಹಿಂದಿನ ಮೋಟರು ತಳ್ಳುತ್ತದೆ.

ಮುಂದಿನ ಒಂದು ಚಕ್ರ ಮತ್ತು ಅದಕ್ಕೆ ಕರ್ಣದಲ್ಲಿರುವ ಹಿಂದಿನ ಚಕ್ರ ಗಾಳಿಯಲ್ಲಿ: ಅಚ್ಚುಗಳ ಡಿಫರೆನ್ಷಿಯಲ್ ಮುಕ್ತವಾಗಿದ್ದರೆ ಅರೆಕಾಲಿಕ, ಪೂರ್ಣಕಾಲಿಕ, ಅಗತ್ಯಾನುಸಾರಿ ಯಾವುದೇ ವಾಹನವಾದರೂ ನಿಲ್ಲುತ್ತದೆ. ಕನಿಷ್ಠ ಒಂದು ಅಚ್ಚಿನಲ್ಲಿ ಲಾಕ್ ಅಥವಾ ಬ್ರೇಕ್ ಆಧಾರಿತ ನಿಯಂತ್ರಣ ಇದ್ದರೆ ಮಾತ್ರ ಮುಂದುವರಿಯಬಹುದು.

ಮಿತಿಗಳು ಮತ್ತು ಸುರಕ್ಷತೆ

ಸರ್ವಚಕ್ರ ಚಾಲನೆಯ ಬಗ್ಗೆ ಇರುವ ಸಾಮಾನ್ಯ ತಪ್ಪುಗ್ರಹಿಕೆಯೆಂದರೆ ಅದು ವಾಹನವನ್ನು ಬೇಗ ನಿಲ್ಲಿಸುತ್ತದೆ ಎಂಬುದು. ಎರಡು ಚಕ್ರಗಳ ಚಾಲನೆಯ ಕಾರಿನಲ್ಲಿಯೂ ಬ್ರೇಕ್ ನಾಲ್ಕೂ ಚಕ್ರಗಳ ಮೇಲೆಯೇ ಕೆಲಸ ಮಾಡುತ್ತದೆ. ಆದ್ದರಿಂದ ನಿಲ್ಲುವ ದೂರವು ಟೈರು, ರಸ್ತೆ ಮತ್ತು ಬ್ರೇಕಿನ ಸ್ಥಿತಿಯನ್ನು ಅವಲಂಬಿಸಿರುತ್ತದೆ, ಚಾಲನಾ ವ್ಯವಸ್ಥೆಯನ್ನಲ್ಲ. ಜಾರುವ ರಸ್ತೆಯಲ್ಲಿ ಚಕ್ರ ತಿರುಗದೆ ಹೊರಡುವಂತಾದಾಗ ರಸ್ತೆ ಜಾರುತ್ತಿದೆ ಎಂಬ ಸುಳಿವೇ ಚಾಲಕನಿಗೆ ಸಿಗದೆ ಹೋಗಬಹುದು. ವೇಗ ಏರಿದ ಮೇಲೆ, ಬ್ರೇಕ್ ಒತ್ತಿದಾಗ ಅಥವಾ ತಿರುವು ಎದುರಾದಾಗ ಆ ಸತ್ಯ ತಡವಾಗಿ ತಿಳಿಯುತ್ತದೆ. ಹಿಮದ ನಾಡುಗಳಲ್ಲಿ ಚಳಿಗಾಲದ ಟೈರು ಹಾಕಿದ ಎರಡು ಚಕ್ರಗಳ ಚಾಲನೆಯ ಕಾರು, ಬೇಸಿಗೆಯ ಟೈರಿನ ಸರ್ವಚಕ್ರ ಚಾಲನೆಯ ಎಸ್‌ಯುವಿಗಿಂತ ಬೇಗ ನಿಲ್ಲುತ್ತದೆ.

ನಾಲ್ಕೂ ಟೈರುಗಳ ಸುತ್ತಳತೆ ಸಮನಾಗಿರುವುದು ಅಗತ್ಯ. ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಇದ್ದರೆ ನೇರ ರಸ್ತೆಯಲ್ಲಿಯೂ ಅಚ್ಚುಗಳ ನಡುವೆ ನಿರಂತರ ವೇಗವ್ಯತ್ಯಾಸ ಉಳಿದು ಕ್ಲಚ್, ಸ್ನಿಗ್ಧ ಜೋಡಣೆ ಅಥವಾ ಮಧ್ಯದ ಡಿಫರೆನ್ಷಿಯಲ್ ಸವೆಯುತ್ತದೆ. ಕೆಟ್ಟು ನಿಂತ ವಾಹನದ ಒಂದು ಅಚ್ಚನ್ನು ಮಾತ್ರ ಎತ್ತಿ ಎಳೆದೊಯ್ಯುವುದರಿಂದಲೂ ಅನೇಕ ವ್ಯವಸ್ಥೆಗಳಿಗೆ ಹಾನಿಯಾಗುತ್ತದೆ. ತಯಾರಕರ ಕೈಪಿಡಿಗಳು ನಾಲ್ಕೂ ಚಕ್ರಗಳನ್ನು ನೆಲದಿಂದ ಎತ್ತಿ ಸಾಗಿಸುವಂತೆ ಸೂಚಿಸುವುದು ಸಾಮಾನ್ಯ.

ಹೆಚ್ಚುವರಿ ಶಾಫ್ಟು, ಗೇರು ಮತ್ತು ಜೋಡಣೆಗಳಿಂದ ವಾಹನದ ತೂಕ, ಬೆಲೆ, ನಿರ್ವಹಣೆ ಮತ್ತು ಇಂಧನ ಬಳಕೆ ಹೆಚ್ಚುತ್ತವೆ. ಈ ನಷ್ಟವನ್ನು ತಗ್ಗಿಸಲು ಇತ್ತೀಚಿನ ಕೆಲವು ವಾಹನಗಳಲ್ಲಿ ಅಗತ್ಯವಿಲ್ಲದಾಗ ಪ್ರೊಪೆಲ್ಲರ್ ಶಾಫ್ಟು ಸುತ್ತುವುದನ್ನೇ ನಿಲ್ಲಿಸುವ ಏರ್ಪಾಡು ಇದೆ.

ಭಾರತದಲ್ಲಿ

ಭಾರತದಲ್ಲಿ ಮಹೀಂದ್ರ ಕಂಪನಿಯು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಕೈಗೆತ್ತಿಕೊಂಡ ಬಳಿಕ ನಾಲ್ಕುಚಕ್ರ ಚಾಲನೆಯ ವಾಹನಕ್ಕೆ ಜೀಪು ಎಂಬ ಹೆಸರೇ ಜನಬಳಕೆಯಲ್ಲಿ ನಿಂತಿತು. 1985ರಲ್ಲಿ ಬಂದ ಮಾರುತಿ ಜಿಪ್ಸಿ ಅರೆಕಾಲಿಕ ವ್ಯವಸ್ಥೆಯ ವಾಹನವಾಗಿದ್ದು, ಭಾರತೀಯ ಸೈನ್ಯದಲ್ಲಿ ದೀರ್ಘಕಾಲ ಬಳಕೆಯಲ್ಲಿತ್ತು. ಮಹೀಂದ್ರ ಥಾರ್ ಮತ್ತು 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಐದು ಬಾಗಿಲಿನ ಮಾರುತಿ ಜಿಮ್ನಿ ಇದೇ ಪರಂಪರೆಯವು. ಇವುಗಳ ನಾಲ್ಕುಚಕ್ರ ಚಾಲನೆಯ ಮಾದರಿಗಳಲ್ಲಿ ಕಡಿಮೆ ಅನುಪಾತದ ಟ್ರಾನ್ಸ್‌ಫರ್ ಕೇಸ್ ಇದೆ.

ಅಗತ್ಯಾನುಸಾರಿ ವ್ಯವಸ್ಥೆಯು ಮಹೀಂದ್ರ ಎಕ್ಸ್‌ಯುವಿ700, ರೆನೊ ಡಸ್ಟರ್ ಮುಂತಾದವುಗಳ ಆಯ್ದ ಮಾದರಿಗಳಲ್ಲಿ ದೊರೆತಿದೆ. ಕರ್ನಾಟಕದ ಬಿಡದಿಯಲ್ಲಿರುವ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2022ರಿಂದ ತಯಾರಾದ ಟೊಯೊಟಾ ಅರ್ಬನ್ ಕ್ರೂಸರ್ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾಗಳ ಕೆಲವು ಮಾದರಿಗಳಲ್ಲಿಯೂ ಇದೇ ಬಗೆ ಇದೆ. ಅದೇ ಕಾರ್ಖಾನೆಯಲ್ಲಿ ತಯಾರಾಗುವ ಫಾರ್ಚೂನರ್‌ನ ನಾಲ್ಕುಚಕ್ರ ಚಾಲನೆಯ ಮಾದರಿಯಲ್ಲಿ ಚಾಲಕ ಆಯ್ದುಕೊಳ್ಳುವ ಅರೆಕಾಲಿಕ ವ್ಯವಸ್ಥೆ ಮತ್ತು ಕಡಿಮೆ ಅನುಪಾತಗಳಿವೆ. 2025ರಲ್ಲಿ ಬಂದ ಟಾಟಾ ಹ್ಯಾರಿಯರ್‌ನ ವಿದ್ಯುತ್ ಆವೃತ್ತಿಯ ಒಂದು ಮಾದರಿ ಎರಡು ಮೋಟರುಗಳಿಂದ ನಾಲ್ಕೂ ಚಕ್ರಗಳನ್ನು ನಡೆಸುತ್ತದೆ.

ಮಳೆಗಾಲದಲ್ಲಿ ಜಿಗುಟಾಗುವ ಕೆಮ್ಮಣ್ಣಿನ ದಾರಿಗಳಿರುವ ಕೊಡಗು ಮತ್ತು ಮಲೆನಾಡಿನ ಕಾಫಿ ತೋಟಗಳಲ್ಲಿ ಅರೆಕಾಲಿಕ ವ್ಯವಸ್ಥೆಯ ಜೀಪುಗಳು ಹಿಂದಿನಿಂದಲೂ ಬಳಕೆಯಲ್ಲಿವೆ. ಕೊಡಗಿನ ಮಾಂದಲಪಟ್ಟಿಯಂತಹ ಬೆಟ್ಟದ ದಾರಿಗಳಲ್ಲಿ ಪ್ರವಾಸಿಗರನ್ನು ಕರೆದೊಯ್ಯುವುದೂ ಇಂತಹ ಜೀಪುಗಳೇ.

ಇವನ್ನೂ ನೋಡಿ

- ಡಿಫರೆನ್ಷಿಯಲ್
- ಟ್ರಾನ್ಸ್‌ಫರ್ ಕೇಸ್
- ಜೀಪ್
- ಘರ್ಷಣೆ
- ವಿದ್ಯುತ್ ವಾಹನ